‘ರೈಸ್’ ಪದಕ್ಕೆ ಅರ್ಥಗಳೆಷ್ಟು? ಕೊಪ್ಪಳ ಸೀಮೆಯ ಕಲಿಕಾರ್ಥಿಗಳನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಸಾರಾಂಶ

ಇಂಗ್ಲಿಷಿನ ‘ರೈಸ್’ ಪದಕ್ಕೆ ಕನ್ನಡದಲ್ಲಿ ಭತ್ತ, ಅಕ್ಕಿ, ಅನ್ನ ಎಂಬ ಮೂರು ಪದಗಳಿರುವುದರಿಂದ ಆ ಪದಕ್ಕೆ ಮೂರು ಅರ್ಥಗಳಿವೆಯೆಂದು ತರಗತಿಗಳಲ್ಲಿ ಹೇಳುವುದು ರೂಢಿ. ಈ ಎಣಿಕೆಯು ಇಂಗ್ಲಿಷ್ ಪದದ ಗುಣವನ್ನಲ್ಲ, ಕಲಿಕಾರ್ಥಿಯ ಭಾಷೆಯ ವಿಂಗಡಣೆಯನ್ನು ತೋರಿಸುತ್ತದೆ ಎಂಬುದು ನಮ್ಮ ವಾದ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಬೆಳೆ ಮತ್ತು ಆಹಾರದ ಪದಕೋಶವನ್ನು ಚೀನೀ, ಜಪಾನೀ ಹಾಗೂ ನೆರೆಯ ಭಾಷೆಗಳೊಡನೆ ಇಟ್ಟು ನೋಡಿ, ಬಹ್ವರ್ಥತೆ ಮತ್ತು ಸಾಮಾನ್ಯಾರ್ಥತೆಗಳ ಭೇದವನ್ನು ಕಡೆಗಣಿಸುವುದರಿಂದ ಬೋಧನೆಯಲ್ಲಿಯೂ ಅನುವಾದದಲ್ಲಿಯೂ ಆಗುವ ನಷ್ಟವನ್ನು ಇಲ್ಲಿ ವಿವರಿಸಿದ್ದೇವೆ.

ಕೀಲಿಪದಗಳು: ಬಹ್ವರ್ಥತೆ, ಸಾಮಾನ್ಯಾರ್ಥತೆ, ಎರಡನೆಯ ಭಾಷೆಯ ಕಲಿಕೆ, ವ್ಯತಿರೇಕಿ ವಿಶ್ಲೇಷಣೆ, ಕೃಷಿಪದಗಳು

1. ಪ್ರಸ್ತಾವನೆ

ಎರಡನೆಯ ಭಾಷೆಯ ಪದವೊಂದನ್ನು ಕಲಿಸುವಾಗ ಅದಕ್ಕೆ ಇಷ್ಟು ಅರ್ಥಗಳಿವೆಯೆಂದು ಎಣಿಸಿ ಹೇಳುವುದು ಬಹುಕಾಲದಿಂದ ನಡೆದುಬಂದ ಕ್ರಮ. ದ್ವಿಭಾಷಾ ಪದಪಟ್ಟಿಗಳು, ಮಾರ್ಗದರ್ಶಿಗಳು, ಪರೀಕ್ಷೆಯ ಉತ್ತರಸೂಚಿಗಳು ಇದೇ ಕ್ರಮವನ್ನು ಅನುಸರಿಸುತ್ತವೆ. ಹೀಗೆ ಎಣಿಸುವವರು ಯಾವ ಭಾಷೆಯ ಕಡೆಯಿಂದ ಎಣಿಸುತ್ತಿದ್ದಾರೆ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಏಳುತ್ತದೆ. ಆ ಪ್ರಶ್ನೆಯನ್ನು ಒಂದೇ ಒಂದು ಪದವನ್ನು ಹಿಡಿದು ಕೇಳುವುದು ಈ ಲೇಖನದ ಉದ್ದೇಶ. ಪದ ‘ರೈಸ್’. ಸ್ಥಳ ಕೊಪ್ಪಳ ಸೀಮೆ.

ಸ್ಥಳದ ಆಯ್ಕೆಗೆ ಕಾರಣವಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಕೊಪ್ಪಳ ಜಿಲ್ಲೆಯಲ್ಲಿ ಮೊದಲಿಗಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಇವುಗಳಲ್ಲಿ ಗಂಗಾವತಿಯು ತುಂಗಭದ್ರೆಯ ನೀರಾವರಿಯ ನಾಡು. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳು ಹಿಂದಿನಿಂದಲೂ ಗದ್ದೆಗಳಿಗೆ ನೀರುಣಿಸುತ್ತಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಎಡದಂಡೆ ಕಾಲುವೆಯು ಭತ್ತದ ಬೇಸಾಯವನ್ನು ಬಹುವಾಗಿ ವಿಸ್ತರಿಸಿತು. ಕುಷ್ಟಗಿ ಮತ್ತು ಯಲಬುರ್ಗಾ ಬಹುಪಾಲು ಮಳೆಯನ್ನು ನಂಬಿದ ಒಣಭೂಮಿ. ಅಲ್ಲಿಯ ಮಾತು ಜೋಳ, ಸಜ್ಜೆ, ರೊಟ್ಟಿಯ ಸುತ್ತ ಬೆಳೆದದ್ದು. ಕೊಪ್ಪಳ ತಾಲ್ಲೂಕು ಎರಡರ ನಡುವಿನದು. ಹೀಗೆ ಒಂದೇ ಜಿಲ್ಲೆಯೊಳಗೆ ಎರಡು ಬೆಳೆಗಳ ಪದಕೋಶಗಳಿವೆ. ಆದರೆ ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಪಠ್ಯಪುಸ್ತಕ ಒಂದೇ. 2007–08ರಿಂದ ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ ಮೇಲೆ, ಆಹಾರದ ಹೆಸರುಗಳು ಮಗು ಎದುರುಗೊಳ್ಳುವ ಮೊದಲ ಇಂಗ್ಲಿಷ್ ಪದಗಳ ಸಾಲಿಗೆ ಬಂದಿವೆ.

ನಾವಿಲ್ಲಿ ಪ್ರಯೋಗದ ಫಲಿತಾಂಶಗಳನ್ನು ಮಂಡಿಸುತ್ತಿಲ್ಲ. ಉದಾಹರಣೆಯ ವಾಕ್ಯಗಳು ವಾದಕ್ಕಾಗಿ ನಾವೇ ರಚಿಸಿದವು. ಕನ್ನಡ ಬಲ್ಲ ಓದುಗರು ತಮ್ಮ ಭಾಷಾಪ್ರಜ್ಞೆಯಿಂದ ಅವುಗಳನ್ನು ಪರೀಕ್ಷಿಸಬಹುದು.

2. ಮೂರು ಪದಗಳು, ಮೂರು ಪ್ರಶ್ನೆಗಳು

ಕನ್ನಡದಲ್ಲಿ ಗದ್ದೆಯಲ್ಲಿ ನಾಟಿ ಮಾಡುವುದು, ಕೊಯ್ಯುವುದು, ಒಕ್ಕುವುದು ಭತ್ತವನ್ನು. ಆರಿಸುವುದು, ತೊಳೆಯುವುದು, ನೆನೆಹಾಕುವುದು ಅಕ್ಕಿಯನ್ನು. ಬಡಿಸುವುದು, ಉಣ್ಣುವುದು ಅನ್ನವನ್ನು. ಈ ಕ್ರಿಯಾಪದಗಳನ್ನು ಅದಲುಬದಲು ಮಾಡಿದರೆ ವಾಕ್ಯವು ಒಂದೋ ಅಸಂಗತವಾಗುತ್ತದೆ, ಇಲ್ಲವೇ ಬೇರೊಂದು ಸಂಗತಿಯನ್ನು ಹೇಳುತ್ತದೆ: ‘ಅಕ್ಕಿ ತಿಂದ’ ಎಂದರೆ ಹಸಿ ಕಾಳನ್ನು ಬಾಯಿಗೆ ಹಾಕಿಕೊಂಡ ಎಂದೇ ಅರ್ಥ. ಕಾಳಿನ ಲೆಕ್ಕದಲ್ಲಿಯೂ ಈ ಭೇದ ಉಳಿಯುತ್ತದೆ. ಅಕ್ಕಿಯದು ಕಾಳು, ಅನ್ನದ್ದು ಅಗುಳು.

ಈ ವಿಂಗಡಣೆಯ ಹಿಂದೆ ಮೂರು ಪ್ರಶ್ನೆಗಳನ್ನು ಗುರುತಿಸಬಹುದು. ಒಂದು, ವಸ್ತು ಹೊಲದಲ್ಲಿ ನಿಂತ ಪೈರೋ, ಕೊಯ್ದ ಕಾಳೋ? ಎರಡು, ಕಾಳಿನ ಮೇಲೆ ಹೊಟ್ಟು ಇದೆಯೋ, ಇಲ್ಲವೋ? ಮೂರು, ಕಾಳು ಹಸಿಯೋ, ಬೆಂದದ್ದೋ? ಕನ್ನಡವು ಮೊದಲನೆಯ ಪ್ರಶ್ನೆಯನ್ನು ಕೇಳುವುದಿಲ್ಲ. ನಿಂತ ಪೈರೂ ಒಕ್ಕಿದ ಕಾಳೂ ಭತ್ತವೇ. ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಅದು ತಪ್ಪದೆ ಕೇಳುತ್ತದೆ.

ಕಾಲುವೆಯ ನೀರನ್ನು ನಂಬಿ ಬಂದು ಗಂಗಾವತಿಯ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳ ತೆಲುಗು ಕೂಡ ವಡ್ಲು, ಬಿಯ್ಯಂ, ಅನ್ನಂ ಎಂದು ಇವೇ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಹಿಂದಿ–ಉರ್ದುವಿನಲ್ಲಿ ಧಾನ್ ಮತ್ತು ಚಾವಲ್ ಬೇರೆಯಾದರೂ ಚಾವಲ್ ಎಂಬುದು ಹಸಿ ಅಕ್ಕಿಗೂ ಬೆಂದ ಅನ್ನಕ್ಕೂ ಸಲ್ಲುತ್ತದೆ. ಅಲ್ಲಿ ಎರಡನೆಯ ಪ್ರಶ್ನೆ ಕಡ್ಡಾಯ, ಮೂರನೆಯದು ಅಲ್ಲ. ಚೀನೀ ಭಾಷೆಯ ದಾವ್, ಮೀ, ಫಾನ್ ಪದಗಳು ಕ್ರಮವಾಗಿ ಕನ್ನಡದ ಭತ್ತ, ಅಕ್ಕಿ, ಅನ್ನಗಳಿಗೆ ಹತ್ತಿರವಾದವು. ಜಪಾನೀ ಭಾಷೆ ಪೈರಿಗೆ ಇನೆ, ಹೊಟ್ಟಿರುವ ಕಾಳಿಗೆ ಮೊಮಿ, ಅಕ್ಕಿಗೆ ಕೊಮೆ, ಅನ್ನಕ್ಕೆ ಗೊಹಾನ್ ಎಂದು ಮೂರೂ ಪ್ರಶ್ನೆಗಳನ್ನು ಕೇಳುತ್ತದೆ. ಗಂಗಾವತಿಯ ವಿದ್ಯಾರ್ಥಿಯೂ ಚೀನೀ ವಿದ್ಯಾರ್ಥಿಯೂ ‘ರೈಸ್’ ಪದದ ಮುಂದೆ ನಿಂತಾಗ ಎದುರಿಸುವುದು ಬಹುಮಟ್ಟಿಗೆ ಒಂದೇ ಸಮಸ್ಯೆಯನ್ನು.

ಚರಿತ್ರೆಯ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಹಳಗನ್ನಡದ ನೆಲ್, ಅಕ್ಕಿ, ಕೂಳ್ ಎಂಬ ಸಾಲಿನಲ್ಲಿ ಇಂದಿನ ಶಿಷ್ಟಭಾಷೆಯಲ್ಲಿ ಗಟ್ಟಿಯಾಗಿ ಉಳಿದದ್ದು ನಡುವಿನ ಅಕ್ಕಿ ಮಾತ್ರ. ನೆಲ್ಲಿನ ಜಾಗಕ್ಕೆ ಸಂಸ್ಕೃತದ ಭಕ್ತ ಶಬ್ದದ ತದ್ಭವವಾದ ಭತ್ತ ಬಂದಿತು. ಕೂಳಿನ ಜಾಗಕ್ಕೆ ಅನ್ನ ಬಂದು, ಕೂಳು ಹಲವೆಡೆ ಹೀನಾರ್ಥಕ್ಕೆ ಇಳಿಯಿತು. ಭಕ್ತ ಶಬ್ದಕ್ಕೆ ಸಂಸ್ಕೃತದಲ್ಲಿದ್ದ ಅರ್ಥ ಆಹಾರ, ಬೇಯಿಸಿದ ಅನ್ನ. ಹಿಂದಿಯ ‘ಭಾತ್’ನಲ್ಲಿ ಆ ಅರ್ಥ ಉಳಿದಿದೆ, ನಮ್ಮ ಬಿಸಿಬೇಳೆಬಾತಿನಲ್ಲಿಯೂ ಅದು ಕಾಣುತ್ತದೆ. ಕನ್ನಡದ ಭತ್ತವಾದರೋ ಅಡುಗೆಮನೆಯಿಂದ ಗದ್ದೆಗೆ ಹೋಯಿತು. ಎರಡು ತುದಿಯ ಪದಗಳೂ ಬದಲಾದವು. ವಿಂಗಡಣೆ ಮಾತ್ರ ಬದಲಾಗಲಿಲ್ಲ. ಭಾಷೆಯೊಂದು ಕೇಳುವ ಪ್ರಶ್ನೆಗಳು ಅದರ ಪದಗಳಿಗಿಂತ ದೀರ್ಘಾಯುಗಳಾಗಿರಬಲ್ಲವು ಎಂಬುದಕ್ಕೆ ಇದೊಂದು ನಿದರ್ಶನ.

3. ಬಹ್ವರ್ಥತೆಯೋ, ಸಾಮಾನ್ಯಾರ್ಥತೆಯೋ?

ಹಾಗಾದರೆ ‘ರೈಸ್’ ಪದಕ್ಕೆ ಮೂರು ಅರ್ಥಗಳಿವೆಯೆ? ಒಂದು ಪದ ಹಲವು ಬಗೆಯ ವಸ್ತುಗಳಿಗೆ ಸಲ್ಲುವುದು ಬೇರೆ, ಅದಕ್ಕೆ ಹಲವು ಅರ್ಥಗಳಿರುವುದು ಬೇರೆ. ‘ಮಗು’ ಎಂಬ ಕನ್ನಡ ಪದ ಹೆಣ್ಣಿಗೂ ಗಂಡಿಗೂ ಸಲ್ಲುತ್ತದೆ. ಅದಕ್ಕೆ ಎರಡು ಅರ್ಥಗಳಿವೆಯೆಂದು ಯಾರೂ ಹೇಳುವುದಿಲ್ಲ. ಇದು ಸಾಮಾನ್ಯಾರ್ಥತೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಗಳನ್ನು ಜ್ವಿಕಿ ಮತ್ತು ಸೇಡಾಕ್ 1975ರಲ್ಲಿ ವಿವರವಾಗಿ ಚರ್ಚಿಸಿದರು. ಕ್ರೂಸ್ 1986ರ ತಮ್ಮ ಪದಾರ್ಥವಿಜ್ಞಾನದ ಗ್ರಂಥದಲ್ಲಿ ಈ ಚರ್ಚೆಯನ್ನು ಮುಂದುವರಿಸಿದರು.

ಸರಳವಾದ ಒಂದು ಪರೀಕ್ಷೆಯನ್ನು ನೋಡೋಣ. ‘ಈಸ್ ದೇರ್ ಎನಿ ರೈಸ್?’ ಎಂಬ ಪ್ರಶ್ನೆಗೆ ‘ಯೆಸ್, ಬಟ್ ಇಟ್ ಈಸ್ ನಾಟ್ ಕುಕ್ಡ್’ ಎಂದು ಉತ್ತರಿಸಿದರೆ ಇಂಗ್ಲಿಷಿನಲ್ಲಿ ಯಾವ ವಿರೋಧವೂ ಇಲ್ಲ. ಕನ್ನಡದಲ್ಲಿ ‘ಅನ್ನ ಇದೆಯೆ?’ ಎಂದು ಕೇಳಿದವರಿಗೆ ‘ಇದೆ, ಆದರೆ ಬೇಯಿಸಿಲ್ಲ’ ಎಂದರೆ ಅದು ಹಾಸ್ಯವಾದೀತು. ಅಂತೆಯೇ ‘ಹೀ ಗ್ರೋಸ್ ರೈಸ್ ಅಂಡ್ ಈಟ್ಸ್ ಇಟ್ ಎವ್ರಿ ಡೇ’ ಎಂಬ ವಾಕ್ಯದಲ್ಲಿ ಒಂದೇ ನಾಮಪದ ಎರಡು ಕ್ರಿಯಾಪದಗಳ ಭಾರವನ್ನೂ ಎಡವದೆ ಹೊರುತ್ತದೆ. ಕನ್ನಡದಲ್ಲಿ ‘ಭತ್ತ ಬೆಳೆದು ಅನ್ನ ಉಣ್ಣುತ್ತಾನೆ’ ಎಂದು ಪದವನ್ನು ಬದಲಿಸದೆ ಮುಂದೆ ಹೋಗಲಾಗದು.

ಈ ಪರೀಕ್ಷೆಗಳಿಂದ ತಿಳಿಯುವುದಿಷ್ಟು: ಹಸಿ–ಬೆಂದ ಎಂಬ ಭೇದದ ಮಟ್ಟಿಗೆ ‘ರೈಸ್’ ಬಹ್ವರ್ಥಕವಲ್ಲ, ಸಾಮಾನ್ಯಾರ್ಥಕ. ಪೈರು–ಕಾಳು ಎಂಬ ಭೇದದ ವಿಷಯ ತುಸು ಬೇರೆ. ಇಂಗ್ಲಿಷ್ ನಿಘಂಟುಗಳು ಸಸ್ಯ ಮತ್ತು ಕಾಳು ಎಂದು ಪ್ರತ್ಯೇಕಿಸುವುದುಂಟು. ಆದರೆ ಇದು ಧಾನ್ಯಗಳ ಹೆಸರುಗಳಿಗೆಲ್ಲ ಒಂದೇ ರೀತಿಯಲ್ಲಿ ಅನ್ವಯಿಸುವ ಸಂಬಂಧ. ಅಪ್ರೆಸ್ಯಾನ್ 1974ರಲ್ಲಿ ‘ನಿಯತ ಬಹ್ವರ್ಥತೆ’ ಎಂದು ಕರೆದ ವರ್ಗಕ್ಕೆ ಸೇರುವಂಥದು. ಅದನ್ನು ಪ್ರತಿ ಪದಕ್ಕೂ ಬೇರೆಯಾಗಿ ಕಲಿಯಬೇಕಾಗಿಲ್ಲ. ಹೀಗಿರುವಾಗ ಮೂರು ಅರ್ಥಗಳೆಂಬ ಪಟ್ಟಿ ಇಂಗ್ಲಿಷಿನ ವರ್ಣನೆಯಾಗದೆ, ಕನ್ನಡದ ಮೂರು ಪದಗಳನ್ನು ಇಂಗ್ಲಿಷ್ ಪದದ ಮೇಲೆ ಆರೋಪಿಸಿದ್ದಾಗಿದೆ. ಇದೇ ಕ್ರಮದಲ್ಲಿ ಜಪಾನೀ ವಿದ್ಯಾರ್ಥಿ ಎಣಿಸಿದರೆ ನಾಲ್ಕು ಅರ್ಥಗಳಾಗುತ್ತವೆ, ಹಿಂದಿಯ ವಿದ್ಯಾರ್ಥಿ ಎಣಿಸಿದರೆ ಎರಡು.

ಸೊಸ್ಯೂರ್ ಫ್ರೆಂಚಿನ ‘ಮುತೋಂ’ ಮತ್ತು ಇಂಗ್ಲಿಷಿನ ‘ಶೀಪ್’ ಪದಗಳನ್ನು ಹೋಲಿಸಿ ಹೇಳಿದ್ದು ಇದನ್ನೇ. ಇಂಗ್ಲಿಷಿನಲ್ಲಿ ಪಕ್ಕದಲ್ಲಿ ‘ಮಟನ್’ ಇರುವುದರಿಂದ ‘ಶೀಪ್’ನ ಮೌಲ್ಯ ಬೇರೆಯಾಗುತ್ತದೆ. ಯೆಲ್ಮ್‌ಸ್ಲೆವ್ ಮರ, ಕಟ್ಟಿಗೆ, ಕಾಡುಗಳ ಕ್ಷೇತ್ರವನ್ನು ಡೇನಿಶ್, ಜರ್ಮನ್, ಫ್ರೆಂಚ್ ಭಾಷೆಗಳು ಬೇರೆಬೇರೆಯಾಗಿ ಹಂಚಿಕೊಂಡಿರುವುದನ್ನು 1943ರಲ್ಲಿ ತೋರಿಸಿದರು. ಈ ತತ್ತ್ವಗಳನ್ನು ಸ್ನಾತಕೋತ್ತರ ತರಗತಿಗಳಲ್ಲಿ ನಾವೆಲ್ಲರೂ ಬೋಧಿಸುತ್ತೇವೆ. ಆದರೆ ಶಾಲೆಯ ಪದಪಟ್ಟಿಯನ್ನು ಸಿದ್ಧಪಡಿಸುವಾಗ ‘ರೈಸ್ = ಅಕ್ಕಿ’ ಎಂದು ಬರೆದು ಮುಂದೆ ಸಾಗುತ್ತೇವೆ. ಈ ಸಮೀಕರಣ ತಪ್ಪಲ್ಲದಿರಬಹುದು, ಆದರೆ ಅದು ಪದದ ಒಂದು ಪಾಲನ್ನು ಇಡೀ ಪದವೆಂದು ತೋರಿಸುತ್ತದೆ.

4. ಕಾಣದ ತಪ್ಪು

ವ್ಯತಿರೇಕಿ ವಿಶ್ಲೇಷಣೆಯ ಪರಂಪರೆ ಈ ಬಗೆಯ ಕಲಿಕೆಯನ್ನು ಸುಲಭವೆಂದು ಪರಿಗಣಿಸಿತ್ತು. ಸ್ಟಾಕ್‌ವೆಲ್, ಬೋವೆನ್ ಮತ್ತು ಮಾರ್ಟಿನ್ 1965ರಲ್ಲಿ ಇಂಗ್ಲಿಷ್–ಸ್ಪ್ಯಾನಿಶ್ ಹೋಲಿಕೆಯ ಆಧಾರದ ಮೇಲೆ ರಚಿಸಿದ ಕಠಿಣತೆಯ ಶ್ರೇಣಿಯಲ್ಲಿ, ಮೊದಲ ಭಾಷೆಯ ಒಂದು ಘಟಕ ಗುರಿಭಾಷೆಯಲ್ಲಿ ಎರಡಾಗಿ ಒಡೆಯುವುದು ಅತಿ ಕಠಿಣ. ಎರಡು ಘಟಕಗಳು ಒಂದರಲ್ಲಿ ಸೇರಿಹೋಗುವುದು ಅದಕ್ಕಿಂತ ಬಹಳ ಸುಲಭ. ಈ ಲೆಕ್ಕದಲ್ಲಿ ಮೂರು ಕನ್ನಡ ಪದಗಳ ಜಾಗದಲ್ಲಿ ಒಂದು ‘ರೈಸ್’ ಕಲಿಯುವುದು ಪ್ರಯಾಸವಿಲ್ಲದ ಕೆಲಸವಾಗಬೇಕು.

ನಂತರದ ಪ್ರಾಯೋಗಿಕ ಸಂಶೋಧನೆಯೂ ಒಡೆಯುವ ಕಡೆಯನ್ನೇ ಹೆಚ್ಚಾಗಿ ನೋಡಿದೆ. ನಾನ್ ಜಿಯಾಂಗ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ಉದಾಹರಣೆ. ಒಂದೇ ಚೀನೀ ಪದದಿಂದ ಅನುವಾದವಾಗುವ ಇಂಗ್ಲಿಷ್ ಪದಜೋಡಿಗಳನ್ನು ಚೀನೀ ಕಲಿಕಾರ್ಥಿಗಳು, ಹಾಗಲ್ಲದ ಜೋಡಿಗಳಿಗಿಂತ ಹೆಚ್ಚು ಸಮೀಪದವೆಂದು ಅಳೆದರು, ಬೇಗನೆ ಗುರುತಿಸಿದರು. ಇಂಗ್ಲಿಷ್ ಮಾತೃಭಾಷಿಕರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಭಾಷೆಯ ಪದರೂಪದ ಒಳಗೆ ಮೊದಲ ಭಾಷೆಯ ಅರ್ಥ ಬಹುಕಾಲ ಉಳಿಯುತ್ತದೆ ಎಂಬ ಅವರ ತೀರ್ಮಾನವನ್ನು ನಾವು ಒಪ್ಪುತ್ತೇವೆ. ಆದರೆ ಅದನ್ನು ‘ರೈಸ್’ನಂಥ ಪದಕ್ಕೆ ಅನ್ವಯಿಸಿದಾಗ ಎದುರಾಗುವ ತೊಡಕು ಬೇರೆ ಬಗೆಯದು.

ಕಲಿಕಾರ್ಥಿಯು ತನ್ನ ಮನಸ್ಸಿನಲ್ಲಿ ‘ರೈಸ್’ ಎಂದರೆ ಬರಿಯ ಅಕ್ಕಿ ಎಂದುಕೊಂಡಿದ್ದರೂ ಆಕೆ ಬರೆಯುವ ಇಂಗ್ಲಿಷ್ ವಾಕ್ಯಗಳು ಸರಿಯಾಗಿಯೇ ಇರುತ್ತವೆ. ಅಕ್ಕಿಯ ಬಗ್ಗೆ ಬರೆದಾಗಲೂ ಅನ್ನದ ಬಗ್ಗೆ ಬರೆದಾಗಲೂ ಉತ್ತರಪತ್ರಿಕೆಯಲ್ಲಿ ಕಾಣುವುದು ಒಂದೇ ಪದ. ತಪ್ಪು ಬರವಣಿಗೆಯಲ್ಲಿ ಕಾಣದೆ ಓದಿನಲ್ಲಿ ಅಡಗಿರುತ್ತದೆ. ಅದು ಹೊರಬೀಳುವುದು ಕನ್ನಡಕ್ಕೆ ಮರಳುವಾಗ: ‘ರೈತರು ಅಕ್ಕಿ ಬೆಳೆಯುತ್ತಾರೆ’ ಎಂಬ ವಾಕ್ಯದಲ್ಲಿ. ಸೇರಿಹೋಗುವುದು ಸುಲಭವೆಂಬ ನಿರ್ಣಯವು ಉತ್ಪಾದನೆಯನ್ನು ಮಾತ್ರ ಅಳೆದು ಗ್ರಹಿಕೆಯನ್ನು ಬಿಟ್ಟುಬಿಡುತ್ತದೆ.

ಇದರಿಂದ ಆಗುವ ನಷ್ಟ ಕೇವಲ ಅಂಕಗಳದ್ದಲ್ಲ. ಮಳೆಯಿಂದ ‘ರೈಸ್’ ಹಾಳಾಯಿತೆಂಬ ಇಂಗ್ಲಿಷ್ ವರದಿಯೊಂದನ್ನು ಗಂಗಾವತಿಯ ಓದುಗರಿಗಾಗಿ ಕನ್ನಡಿಸಬೇಕೆಂದು ಭಾವಿಸೋಣ. ಭತ್ತ ಹಾಳಾಯಿತೆಂದರೆ ಗದ್ದೆಯ ಅಥವಾ ಕಣದ ನಷ್ಟ, ಅದನ್ನು ಹೊತ್ತವನು ರೈತ. ಅಕ್ಕಿ ಹಾಳಾಯಿತೆಂದರೆ ಗಿರಣಿಯ, ಗೋದಾಮಿನ ಅಥವಾ ಅಂಗಡಿಯ ನಷ್ಟ. ಅನ್ನ ಹಾಳಾಯಿತೆಂದರೆ ಒಂದು ಹೊತ್ತಿನ ಊಟದ ನಷ್ಟ. ಇಂಗ್ಲಿಷ್ ವಾಕ್ಯ ಹೇಳದೆ ಬಿಡಬಹುದಾದುದನ್ನು ಕನ್ನಡ ವಾಕ್ಯ ಹೇಳಲೇಬೇಕು. ಹೇಳುವ ಮುನ್ನ ಅನುವಾದಕನು ತಿಳಿದುಕೊಳ್ಳಬೇಕು. ‘ರೈಸ್ = ಅಕ್ಕಿ’ ಎಂದು ಕಲಿತವನಿಗೆ ತಿಳಿದುಕೊಳ್ಳಬೇಕಾದದ್ದು ಇದೆ ಎಂಬುದೇ ಹೊಳೆಯುವುದಿಲ್ಲ. ಪರಿಣಾಮವಾಗಿ ರೈತನ ನಷ್ಟ ವ್ಯಾಪಾರಿಯ ನಷ್ಟವಾಗಿ ಅಚ್ಚಾಗಬಹುದು.

ಸ್ವತಂತ್ರವಾಗಿ ಕನ್ನಡದಲ್ಲಿಯೇ ಯೋಚಿಸಿದವರು ಈ ಬಲೆಗೆ ಬಿದ್ದಿಲ್ಲ. ಇಂಗ್ಲಿಷಿನಲ್ಲಿ ಗಂಗಾವತಿಯನ್ನು ಕರ್ನಾಟಕದ ‘ರೈಸ್ ಬೌಲ್’ ಎನ್ನುತ್ತಾರೆ. ಕನ್ನಡ ಪತ್ರಿಕೆಗಳು ಅದನ್ನು ಬಟ್ಟಲೆನ್ನದೆ ‘ಭತ್ತದ ಕಣಜ’ ಎನ್ನುತ್ತವೆ. ಇಂಗ್ಲಿಷಿನ ಬಟ್ಟಲು ಉಣ್ಣುವವನ ಕಡೆಯಿಂದ ನೋಡಿದರೆ, ಕನ್ನಡದ ಕಣಜ ಬೆಳೆಯುವವನ ಕಡೆಯಿಂದ ನೋಡುತ್ತದೆ. ಕಣಜದಲ್ಲಿ ತುಂಬುವುದು ಭತ್ತವೇ ಹೊರತು ಅನ್ನವಲ್ಲ. ಚೀನೀ ಕಲಿಕಾರ್ಥಿಗೆ ‘ರೈಸ್ ಬೌಲ್’ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಆತನ ಭಾಷೆಯಲ್ಲಿ ಅನ್ನದ ಬಟ್ಟಲೆಂದರೆ ಜೀವನೋಪಾಯ. ಕಬ್ಬಿಣದ ಅನ್ನದ ಬಟ್ಟಲೆಂದರೆ ಕಳೆದುಹೋಗದ ನೌಕರಿ. ಜೀವನೋಪಾಯದ ಈ ಅರ್ಥವನ್ನು ಕನ್ನಡದ ‘ಅನ್ನ’ವೂ ಹೊತ್ತಿದೆ. ಪರರ ಹೊಟ್ಟೆಪಾಡನ್ನು ಕೆಡಿಸುವವನನ್ನು ಅನ್ನಕ್ಕೆ ಕಲ್ಲು ಹಾಕಿದವನು ಎನ್ನುತ್ತೇವೆ. 2013ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಅನ್ನಭಾಗ್ಯ’ ಯೋಜನೆ ವಿತರಿಸುವುದು ಅಕ್ಕಿಯನ್ನು. ಹೆಸರಿನಲ್ಲಿರುವ ಅನ್ನ ಆಹಾರವೆಂಬ ವಿಶಾಲಾರ್ಥದ್ದು. ನಿಜವಾದ ಬಹ್ವರ್ಥತೆಯನ್ನು ಹುಡುಕಬೇಕಾದರೆ ಅದು ‘ರೈಸ್’ನಲ್ಲಿ ಅಲ್ಲ, ಕನ್ನಡದ ‘ಅನ್ನ’ದಲ್ಲಿಯೂ ಚೀನೀ ‘ಫಾನ್’ನಲ್ಲಿಯೂ ಸಿಗುತ್ತದೆ.

5. ಯಾವ ಇಂಗ್ಲಿಷ್? ಯಾವ ‘ರೈಸ್’?

ಇದುವರೆಗಿನ ಚರ್ಚೆಯಲ್ಲಿ ಇಂಗ್ಲಿಷ್ ಒಂದೇ ಎಂದು ಭಾವಿಸಿಕೊಂಡು ಬಂದೆವು. ಅದನ್ನೂ ಪ್ರಶ್ನಿಸಬೇಕು. ಭಾರತೀಯ ಇಂಗ್ಲಿಷಿನಲ್ಲಿ ‘ಪ್ಯಾಡಿ’ ಎಂಬುದು ದಿನಬಳಕೆಯ ಪದ. ಕನಿಷ್ಠ ಬೆಂಬಲ ಬೆಲೆ ಘೋಷಣೆಯಾಗುವುದು ‘ಪ್ಯಾಡಿ’ಗೆ, ಪಡಿತರದಲ್ಲಿ ದೊರೆಯುವುದು ‘ರೈಸ್’. ಅಂದರೆ ನಮ್ಮ ಇಂಗ್ಲಿಷ್ ಹೊಟ್ಟಿನ ಪ್ರಶ್ನೆಯನ್ನು ಕೇಳಲು ಕಲಿತಿದೆ. ಬ್ರಿಟನ್ನಿನ ಸಾಮಾನ್ಯ ಓದುಗನಿಗೆ ‘ಪ್ಯಾಡಿ’ ಎಂದಾಗ ಮೊದಲು ನೆನಪಾಗುವುದು ನೀರು ನಿಂತ ಗದ್ದೆ. ಪದದ ಮೂಲ ಮಲಯ ಭಾಷೆ. ಕನ್ನಡದ ಭತ್ತದೊಡನೆ ಅದಕ್ಕಿರುವ ಧ್ವನಿಸಾಮ್ಯವನ್ನು ನಂಟೆಂದು ತಿಳಿಯಬಾರದು. ಹೀಗಿರಲು, ‘ಫಾರ್ಮರ್ಸ್ ಗ್ರೋ ಪ್ಯಾಡಿ’ ಎಂದು ಬರೆದ ಮಗುವಿನ ಉತ್ತರವನ್ನು ಸೂಚಿಯಲ್ಲಿ ‘ರೈಸ್’ ಇದೆಯೆಂಬ ಕಾರಣಕ್ಕೆ ತಪ್ಪೆನ್ನುವುದು ಆ ಮಗುವಿನ ಕನ್ನಡ ಜ್ಞಾನವನ್ನೂ ಭಾರತೀಯ ಇಂಗ್ಲಿಷಿನ ಜ್ಞಾನವನ್ನೂ ಒಟ್ಟಿಗೆ ದಂಡಿಸಿದಂತೆ.

ಇನ್ನೊಂದು ತೊಡಕು ಕನ್ನಡದೊಳಗೇ ಇದೆ. ಶಾಲೆಗೆ ಬರುವ ಮುನ್ನವೇ ಮಗು ‘ರೈಸ್’ ಪದವನ್ನು ಕೇಳಿರುತ್ತದೆ. ಗಂಗಾವತಿ, ಕಾರಟಗಿಗಳಲ್ಲಿ ಸೋನಾ ಮಸೂರಿ ಅಕ್ಕಿ ಹೊರಬೀಳುವುದು ರೈಸ್ ಮಿಲ್‌ಗಳಿಂದ. ಖಾನಾವಳಿ, ತಳ್ಳುಗಾಡಿಗಳಲ್ಲಿ ದೊರೆಯುವುದು ಲೆಮನ್ ರೈಸ್, ಎಗ್ ರೈಸ್. ಮೊದಲನೆಯದು ಊರಿನ ಕಟ್ಟಡದ ಹೆಸರಾಗಿ ಇಡಿಯಾಗಿ ಬಂದದ್ದು. ಅದರೊಳಗಿನ ‘ರೈಸ್’ ಬಿಡಿಯಾಗಿ ಅರ್ಥ ಕೊಡುವುದು ಕಡಿಮೆ. ಎರಡನೆಯದರಲ್ಲಿ ‘ರೈಸ್’ ಬೆಂದ ಅನ್ನಕ್ಕೆ, ಅದರಲ್ಲೂ ಒಗ್ಗರಣೆ ಕಂಡ ಅನ್ನಕ್ಕೆ ಸೀಮಿತವಾಗಿದೆ. ಜಪಾನೀ ಭಾಷೆಯಲ್ಲಿಯೂ ಇದೇ ಬಗೆಯ ಬೆಳವಣಿಗೆಯಾಗಿದೆ. ಬಟ್ಟಲಿನಲ್ಲಿ ಬಡಿಸಿದ್ದು ಗೊಹಾನ್. ಪಾಶ್ಚಾತ್ಯ ಊಟದೊಡನೆ ತಟ್ಟೆಯಲ್ಲಿ ಬಂದದ್ದು ‘ರೈಸು’. ಸಾಮಾನ್ಯಾರ್ಥದ ಪದ, ವಿಂಗಡಿಸುವ ಭಾಷೆಯೊಳಗೆ ಬಂದಾಗ ತಾನೂ ಒಂದು ವಿಂಗಡಣೆಗೆ ಒಳಗಾಗುತ್ತದೆ. ಆದ್ದರಿಂದ ಕಲಿಕಾರ್ಥಿಯ ಮನಸ್ಸಿನಲ್ಲಿ ಇಂಗ್ಲಿಷ್ ‘ರೈಸ್’ಗೆ ಎದುರಾಗಿ ಭತ್ತ, ಅಕ್ಕಿ, ಅನ್ನಗಳ ಜೊತೆಗೆ ಕನ್ನಡದ್ದೇ ಆದ ‘ರೈಸ್’ ಕೂಡ ನಿಂತಿದೆ. ನಮ್ಮ ಪದಪಟ್ಟಿಗಳು ಇದನ್ನು ಗಮನಿಸಿಯೇ ಇಲ್ಲ.

6. ಜೋಳದ ದಾರಿ

ಹಾಗಾದರೆ ಹೇಗೆ ಕಲಿಸಬೇಕು? ಉತ್ತರ ಒಣಭೂಮಿಯ ಕಡೆಯಿಂದ ಬರುತ್ತದೆ. ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳವನ್ನು ಬಿತ್ತುತ್ತಾರೆ, ಜೋಳವನ್ನು ಕೊಯ್ಯುತ್ತಾರೆ, ಜೋಳವನ್ನು ಮಾರುತ್ತಾರೆ, ಜೋಳವನ್ನು ಬೀಸುತ್ತಾರೆ. ಪೈರು, ತೆನೆಯೊಳಗಿನ ಕಾಳು, ಚೀಲದೊಳಗಿನ ಕಾಳು ಎಲ್ಲಕ್ಕೂ ಒಂದೇ ಹೆಸರು. ಹೆಸರು ಬದಲಾಗುವುದು ಹಿಟ್ಟಾಗಿ ರೊಟ್ಟಿಯಾದಾಗ, ಒಡೆದು ನುಚ್ಚಾದಾಗ. ಕಾರಣ ಸ್ಪಷ್ಟ: ಜೋಳದ ಕಾಳು ಕಣದಲ್ಲಿ ಒಕ್ಕಿದಾಗಲೇ ಬಹುಮಟ್ಟಿಗೆ ಸಿಪ್ಪೆ ಕಳಚಿಕೊಳ್ಳುತ್ತದೆ. ಭತ್ತದ ಹೊಟ್ಟನ್ನು ತೆಗೆಯಲು ಮಾತ್ರ ಕುಟ್ಟುವ, ಗಿರಣಿಗೆ ಹಾಕುವ ಪ್ರತ್ಯೇಕ ಕೆಲಸ ಬೇಕು. ಆ ಕೆಲಸದ ಮುಂಚಿನ ವಸ್ತುವಿಗೂ ನಂತರದ ವಸ್ತುವಿಗೂ ಬೆಲೆ, ಮಾರುಕಟ್ಟೆ, ಒಡೆಯ ಎಲ್ಲವೂ ಬೇರೆಯಾಗುತ್ತವೆ. ಅಲ್ಲಿ ಎರಡು ಪದಗಳು ನೆಲೆನಿಂತದ್ದು ಸಹಜ.

ಹೀಗೆ ಇಂಗ್ಲಿಷಿನ ‘ರೈಸ್’ ನಡೆದುಕೊಳ್ಳುವ ಕ್ರಮಕ್ಕೆ ಕನ್ನಡದಲ್ಲಿ ಹತ್ತಿರದ ಮಾದರಿ ಅಕ್ಕಿಯಲ್ಲ, ಜೋಳ. ‘ಜೋಳ ಎನ್ನುವಾಗ ಹೊಲದಲ್ಲಿದೆಯೋ ಚೀಲದಲ್ಲಿದೆಯೋ ಎಂದು ನಾವು ಹೇಗೆ ಕೇಳುವುದಿಲ್ಲವೋ, ಹಾಗೆಯೇ ಇಂಗ್ಲಿಷಿನವರು ರೈಸ್ ಎನ್ನುವಾಗ ಕೇಳುವುದಿಲ್ಲ, ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬೆಂದಿದೆಯೋ ಎಂದೂ ಕೇಳುವುದಿಲ್ಲ’ ಎಂದರೆ ಯಲಬುರ್ಗಾದ ಮಗುವಿಗೂ ಗಂಗಾವತಿಯ ಮಗುವಿಗೂ ವಿಷಯ ತಿಳಿಯುತ್ತದೆ. ಇಲ್ಲಿ ಅರ್ಥಗಳನ್ನು ಎಣಿಸುವ ಅಗತ್ಯವೇ ಬೀಳುವುದಿಲ್ಲ. ಎರಡು ಭಾಷೆಗಳು ಕೇಳುವ ಪ್ರಶ್ನೆಗಳನ್ನು ಹೋಲಿಸಿದರಾಯಿತು. ‘ನುಚ್ಚು’ ಎಂಬ ಪದವನ್ನೂ ಇದೇ ಪಾಠದಲ್ಲಿ ತರಬಹುದು. ಅಕ್ಕಿ ಗಿರಣಿಯಲ್ಲಿ ಅದು ಮುರಿದ ಅಕ್ಕಿ. ಜೋಳದ ಮನೆಗಳಲ್ಲಿ ಬೇಯಿಸಿದ ಅಡುಗೆಯೂ ಹೌದು. ಒಂದೇ ಜಿಲ್ಲೆಯೊಳಗೆ ಕನ್ನಡದ ಪದವೊಂದು ಎರಡು ಬಗೆಯಾಗುವುದನ್ನು ಕಂಡ ಮಗುವಿಗೆ ಇಂಗ್ಲಿಷಿನ ನಡೆ ವಿಚಿತ್ರವೆನಿಸದು.

7. ಉಪಸಂಹಾರ

ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಗರಗಳಲ್ಲಿ ಕೊಪಣವೂ ಒಂದು. ಅಂಥ ನೆಲದ ಮಕ್ಕಳು ಇಂಗ್ಲಿಷಿನ ತರಗತಿಗೆ ಬರಿಗೈಯಲ್ಲಿ ಬರುವುದಿಲ್ಲ. ಇಂಗ್ಲಿಷಿಗಿಂತ ಸೂಕ್ಷ್ಮವಾದ ವಿಂಗಡಣೆಯೊಂದನ್ನು ಹೊತ್ತು ಬರುತ್ತಾರೆ. ‘ರೈಸ್ ಪದಕ್ಕೆ ಮೂರು ಅರ್ಥ’ ಎಂಬ ಪಾಠ ಆ ಸಂಪತ್ತನ್ನು ಇಂಗ್ಲಿಷಿನ ಖಾತೆಗೆ ಬರೆಯುತ್ತದೆ. ‘ರೈಸ್ ಎಂದರೆ ಅಕ್ಕಿ’ ಎಂಬ ಪಾಠ ಅದನ್ನು ಅಳಿಸಿಯೇ ಹಾಕುತ್ತದೆ. ಮುಂದೆ ಆ ಮಕ್ಕಳೇ ಅನುವಾದಕರಾದಾಗ ಗದ್ದೆಯಲ್ಲಿ ಅಕ್ಕಿ ಬೆಳೆಯತೊಡಗುತ್ತದೆ.

ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎನ್ನುತ್ತಾರೆ. ಪದಕೋಶದ ವಿಷಯದಲ್ಲಿ ಅಷ್ಟು ಸಾಲದು. ತೊಗರ‍ಿ–ಬೇಳೆ, ಕಬ್ಬು–ಬೆಲ್ಲ–ಸಕ್ಕರೆ, ಉಣ್ಣು–ತಿನ್ನುಗಳಂಥ ಕ್ಷೇತ್ರಗಳನ್ನು ಇದೇ ಮೂರು ಪ್ರಶ್ನೆಗಳ ಕ್ರಮದಲ್ಲಿ ಪರಿಶೀಲಿಸಬೇಕು. ತರಗತಿಯಲ್ಲಿ ಬರವಣಿಗೆಯ ಜೊತೆಗೆ ಗ್ರಹಿಕೆಯನ್ನೂ ಅಳೆಯುವ ಪರೀಕ್ಷೆಗಳನ್ನು ರೂಪಿಸಬೇಕು. ಸಂಶೋಧನಾರ್ಥಿಗಳು ಈ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳಿಂದಲೇ ಆರಂಭಿಸಬಹುದು. ಗದ್ದೆಯೂ ಹೊಲವೂ ಒಂದೇ ಜಿಲ್ಲೆಯಲ್ಲಿ ಇಷ್ಟು ಹತ್ತಿರವಾಗಿ ಸಿಗುವ ಕಡೆಗಳು ಹೆಚ್ಚಿಲ್ಲ.